ಹಸೆ ಗೋಡೆಯಿಂದ ಭೂಮಣ್ಣಿ ಬುಟ್ಟಿಯವರೆಗೆ

ಸಾಗರ, ಸೊರಬ, ಹೊಸನಗರ ಸೀಮೆಯ ದೀವರ ಮನೆಗಳಲ್ಲಿ ಮದುವೆ ಗೊತ್ತಾಯಿತೆಂದರೆ ಚಪ್ಪರಕ್ಕಿಂತ ಮೊದಲು ಗೋಡೆಯ ಚಿಂತೆ ಶುರುವಾಗುತ್ತಿತ್ತು. ಭತ್ತದ ಒಕ್ಕಲು ಮುಗಿದು ಬೇಸಿಗೆ ಕಾಲಿಡುವ ಹೊತ್ತಿಗೆ ಹೆಂಗಸರು ಗೋಡೆಯ ಬಿರುಕುಗಳಿಗೆ ಮಣ್ಣು ಮೆತ್ತಿ, ಸಾರಿಸಿ, ಅದರ ಮೇಲೆ ಕೆಮ್ಮಣ್ಣು ಬಳಿಯುತ್ತಿದ್ದರು. ಆ ಕೆಂಪು ಒಣಗಿದ ಮೇಲೆ ಅಕ್ಕಿಯ ಬಿಳಿಯಲ್ಲಿ ಗೆರೆಗಳು ಏಳುತ್ತಿದ್ದವು. ಅದೇ ಹಸೆ ಚಿತ್ತಾರ. ಮದುಮಕ್ಕಳನ್ನು ಕೂರಿಸಿ ಶಾಸ್ತ್ರ ಮಾಡುತ್ತಿದ್ದುದು ಅದರ ಎದುರಿಗೇ.

ದೀವರು ಶಿವಮೊಗ್ಗ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಮಲೆನಾಡಿನಲ್ಲಿ ನೆಲೆಸಿದ ಬೇಸಾಯಗಾರರು. ಹಳೆಯ ಗೆಜೆಟಿಯರುಗಳಲ್ಲಿ ಹಳೆಪೈಕರೆಂಬ ಹೆಸರೂ ಅವರಿಗಿದೆ. ಬೈನೆ ಮರದಿಂದ ಕಳ್ಳಿಳಿಸುವುದು, ಗದ್ದೆ ಉಳುವುದು ಹಿಂದಿನ ಕಸುಬು. ಅವರ ಚಿತ್ರಕಲೆಗೆ ಬೇಕಾದದ್ದೆಲ್ಲ ಈ ಬದುಕಿನ ಸುತ್ತಲೇ ಸಿಗುತ್ತಿತ್ತು. ಪೇಟೆಯಿಂದ ತರಬೇಕಾದ ಬಣ್ಣ ಒಂದೂ ಇರಲಿಲ್ಲ.

ಕೆಂಪಿಗೆ ಕೆಮ್ಮಣ್ಣು. ಬಿಳಿಗೆ ನೆನೆಸಿ ನುಣ್ಣಗೆ ಅರೆದ ಅಕ್ಕಿ. ಕಪ್ಪಿಗೂ ಅಕ್ಕಿಯೇ: ಅದನ್ನು ಹಂಚಿನ ಮೇಲೆ ಕರಿಯಾಗುವ ತನಕ ಹುರಿದು, ನೀರು ಹಾಕಿ ಅರೆಯುತ್ತಾರೆ. ಹಳದಿ ಬರುವುದು ಕಾಡಿನ ಗುರಿಗೆ ಕಾಯಿಯಿಂದ. ಈ ನಾಲ್ಕನ್ನು ಬಿಟ್ಟರೆ ಹಳೆಯ ಹಸೆಯಲ್ಲಿ ಬೇರೆ ಬಣ್ಣವಿಲ್ಲ. ಕುಂಚವೂ ಮನೆಯಲ್ಲೇ ಆಗುತ್ತದೆ. ಪುಂಡಿ ನಾರನ್ನು ಬೇಕಾದಷ್ಟು ಉದ್ದಕ್ಕೆ ಕತ್ತರಿಸಿ, ತುದಿಯನ್ನು ಬಿಡಿಸಿ, ಎಳೆಗಳನ್ನು ತೆಳುಮಾಡಿಕೊಳ್ಳುತ್ತಾರೆ. ಬಣ್ಣದಲ್ಲಿ ಅದ್ದಿದ ಈ ನಾರು ಒದ್ದೆ ದಾರದಂತೆ ಬಳುಕುತ್ತದೆ. ಬರೆಯುವವಳು ಅದನ್ನು ಗೋಡೆಗೆ ಒತ್ತುವುದಿಲ್ಲ, ನಾರಿನ ಮೈಯನ್ನೇ ಗೋಡೆಗೆ ತಾಗಿಸಿ ಮೆಲ್ಲಗೆ ಎಳೆಯುತ್ತಾಳೆ. ನೀರು ಹೆಚ್ಚಾದರೆ ಗೆರೆ ಸೋರುತ್ತದೆ, ಹಿಟ್ಟು ದಪ್ಪವಾದರೆ ನಡುವೆ ತುಂಡಾಗುತ್ತದೆ. ಮೊದಲೇ ಗುರುತು ಹಾಕಿಕೊಳ್ಳದೆ ಆಳುದ್ದದ ಗೋಡೆಯ ಮೇಲೆ ಸಮ ಅಂತರದ ಗೆರೆಗಳನ್ನು ಎಳೆಯಬೇಕಾದರೆ ಕೈ ಎಷ್ಟು ಪಳಗಿರಬೇಕೆಂದು ಯಾರಾದರೂ ಊಹಿಸಬಹುದು.

ಒಂದೆಳೆ, ಎರಡೆಳೆ ಎಂದು ಗೆರೆಗಳ ಲೆಕ್ಕದಲ್ಲೇ ಚಿತ್ತಾರಕ್ಕೆ ಹೆಸರು ಬೀಳುತ್ತದೆ. ಹೊರಗೆ ಚೌಕಾಕಾರದ ಅಂಚು, ಒಳಗೆ ಅಡ್ಡ, ಉದ್ದ, ಓರೆ ಗೆರೆಗಳು ಹೆಣೆದುಕೊಂಡ ಜಾಲ. ನಿಲಿ, ಪಪ್ಪಲಿ, ಜೋಗಿ ಜಡೆ, ಮೂಲೆ ಆರತಿ ಎಂದು ಒಂದೊಂದು ವಿನ್ಯಾಸಕ್ಕೂ ಒಂದೊಂದು ಹೆಸರು. ಈ ಚೌಕದೊಳಗೆ ಮದುಮಗಳು, ಮದುಮಗ, ದಂಡಿಗೆ, ಬಾಸಿಂಗ, ಜೋಡಿ ಹಕ್ಕಿ, ಏಣಿ, ಭತ್ತದ ಸಸಿ ಬರುತ್ತವೆ. ಮನುಷ್ಯರ ಆಕೃತಿಗೆ ಕಣ್ಣು ಮೂಗು ಇಲ್ಲ. ಎರಡು ತ್ರಿಕೋನ, ನಾಲ್ಕು ಗೆರೆ ಇದ್ದರೆ ಆಯಿತು, ಗಂಡು ಯಾರು, ಹೆಣ್ಣು ಯಾರು ಎಂಬುದು ಊರಿನವರಿಗೆಲ್ಲ ತಿಳಿಯುತ್ತದೆ.

ಇದನ್ನು ಬರೆಯುವವಳು ಚಿತ್ತಾರಗಿತ್ತಿ. ಅವಳು ಬೇರೆ ಕಸುಬಿನವಳೇನಲ್ಲ. ನಾಟಿ ಮಾಡುವ, ಕಳೆ ಕೀಳುವ, ಕೊಟ್ಟಿಗೆ ಬಾಚುವ ಹೆಂಗಸರ ನಡುವಿನಲ್ಲೇ ಕೈ ಚೆನ್ನಾಗಿ ಓಡುವವಳು. ಮದುವೆ ಮನೆಯವರು ಎಲೆಯಡಿಕೆ ಕೊಟ್ಟು ಕರೆದರೆ ಬಂದು ಬರೆಯುತ್ತಿದ್ದಳು. ಹಿಟ್ಟು ಅರೆಯುವವರು ಬೇರೆ, ಗೆರೆಯ ನಡುವೆ ತುಂಬುವವರು ಬೇರೆ, ಪಕ್ಕದಲ್ಲಿ ಕೂತು ಹಸೆಯ ಹಾಡು ಹೇಳುವವರು ಬೇರೆ. ಹಾಡಿನ ಬಾಯಿ, ಗೆರೆಯ ಕೈ ಒಟ್ಟಿಗೆ ನಡೆಯುತ್ತಿದ್ದರಿಂದ ನೋಡುತ್ತ ಕೂತ ಹುಡುಗಿಯರಿಗೆ ಎರಡೂ ಒಂದೇ ಸಲ ಬರುತ್ತಿದ್ದವು. ಮದುವೆಗೆ ಊರ ಹೆಂಗಸರು ಕೊಡುತ್ತಿದ್ದ ದೊಡ್ಡ ಉಡುಗೊರೆ ಇದು. ಯಾರೂ ಇದರ ಮೇಲೆ ಹೆಸರು ಬರೆಯುತ್ತಿರಲಿಲ್ಲ. ಮುಂದಿನ ಸಾರಣೆಯಲ್ಲಿ ಅದು ಮಣ್ಣಿನಡಿ ಹೋಗುತ್ತಿತ್ತು. ಹೀಗಾಗಿ ನೂರು ವರ್ಷದ ಹಿಂದಿನ ಹಸೆ ಗೋಡೆಯನ್ನು ತೋರಿಸಿ ಎಂದರೆ ತೋರಿಸಲಾಗದು. ಅದರ ಇತಿಹಾಸ ಉಳಿದಿರುವುದು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂದ ಗೆರೆಗಳಲ್ಲೇ.

ಮನೆಯ ಹೆಂಗಸರ ಕೈಗೆ ಬಾರದ ಒಂದು ವಸ್ತುವೂ ಮದುವೆಗೆ ಬೇಕಿತ್ತು, ಬಾಸಿಂಗ. ಅದಕ್ಕೆ ಗುಡಿಗಾರರ ಮನೆಗೇ ಹೋಗಬೇಕು. ಪೋರ್ಚುಗೀಸರ ಕಾಲದಲ್ಲಿ ಗೋವೆಯಿಂದ ಘಟ್ಟದ ಕಡೆ ಬಂದವರೆಂದು ಗುಡಿಗಾರರ ಐತಿಹ್ಯ ಹೇಳುತ್ತದೆ. ಸೊರಬ, ಸಾಗರದ ಗುಡಿಗಾರರ ಗಂಧದ ಕೆತ್ತನೆ ಹತ್ತೊಂಬತ್ತನೆಯ ಶತಮಾನದಲ್ಲೇ ಹೆಸರಾಗಿತ್ತು. 1897ರಲ್ಲಿ ಹೊರಬಂದ ಬಿ. ಎಲ್. ರೈಸರ ಮೈಸೂರು ಗೆಜೆಟಿಯರ್ ಅದನ್ನು ಮೆಚ್ಚಿ ದಾಖಲಿಸಿದೆ. ಆದರೆ ಹಳ್ಳಿಯ ಜನಕ್ಕೆ ಗುಡಿಗಾರರ ನಂಟು ಬೆಳೆದದ್ದು ಗಂಧದಿಂದಲ್ಲ, ಗಂಧದ ಪೆಟ್ಟಿಗೆ ಕೊಳ್ಳುವಷ್ಟು ಹಣ ಎಷ್ಟು ಮನೆಗಳಲ್ಲಿತ್ತು? ಚೌತಿಗೆ ಮಣ್ಣಿನ ಗಣಪತಿ, ಮದುವೆಗೆ ಬೆಂಡಿನ ಬಾಸಿಂಗ, ಇವೆರಡಕ್ಕೆ ಎಲ್ಲರೂ ಅವರ ಜಗುಲಿ ಹತ್ತುತ್ತಿದ್ದರು.

ಬೆಂಡಿನ ಗಿಡ ಕೆರೆ, ಜೌಗಿನಲ್ಲಿ ಬೆಳೆಯುತ್ತದೆ. ಕಡ್ಡಿಯನ್ನು ಒಣಗಿಸಿ, ಸಿಪ್ಪೆ ತೆಗೆದರೆ ಒಳಗೆ ಹಾಲಿನಷ್ಟು ಬಿಳಿಯಾದ, ತೂಕವೇ ಇಲ್ಲದ ತಿರುಳು. ಹರಿತವಾದ ಕತ್ತಿಯಿಂದ ಅದನ್ನು ಹಾಳೆಯಷ್ಟು ತೆಳುವಾಗಿ ಹೆರೆದು, ಹೂವು, ಎಸಳು, ಮೊಗ್ಗಿನ ಆಕಾರಕ್ಕೆ ಕತ್ತರಿಸಿ, ಬಣ್ಣದ ಕಾಗದದ ಜೊತೆ ಅಂಟಿಸುತ್ತಾರೆ. ಹಣೆಗೆ ಕಟ್ಟಿದರೆ ಭಾರವಾಗಬಾರದು, ಮುಹೂರ್ತ ಮುಗಿಯುವ ತನಕ ಬಾಡಬಾರದು. ಈ ಎರಡಕ್ಕೂ ಬೆಂಡಿಗಿಂತ ಒಳ್ಳೆಯ ಸಾಮಗ್ರಿ ಸಿಗದು. ಜಾತಿಗೊಂದು ಬಗೆಯ ಬಾಸಿಂಗ ಇರುತ್ತಿದ್ದುದರಿಂದ ಗುಡಿಗಾರನಿಗೆ ಯಾರ ಮನೆಯ ಮದುವೆ ಎಂದು ಹೇಳಿದರೆ ಸಾಕಿತ್ತು. ಮದುವೆಯಾದ ಮೇಲೆ ಬಾಸಿಂಗವನ್ನು ಎಸೆಯದೆ ಮನೆಯ ಜಂತಿಗೆ ಕಟ್ಟಿಡುವ ರೂಢಿ ಹಲವು ಕಡೆ ಇಂದಿಗೂ ಇದೆ.

ಗೋಡೆಯ ಹಸೆ ಮದುವೆ ಇದ್ದ ವರ್ಷ ಮಾತ್ರ. ಬುಟ್ಟಿಯ ಚಿತ್ತಾರ ಪ್ರತಿ ವರ್ಷದ್ದು. ಆಶ್ವಯುಜ ಮಾಸದ ಹುಣ್ಣಿಮೆ ದೀವರಿಗೆ ಭೂಮಿ ಹುಣ್ಣಿಮೆ. ಗದ್ದೆಯಲ್ಲಿ ಭತ್ತ ಹೊಡೆಯೊಡೆಯುವ ಹೊತ್ತು, ಭೂಮಿ ಬಸುರಿ ಎಂಬ ಭಾವ. ಬಸುರಿಗೆ ಬಯಕೆ ಊಟ ಹಾಕುವಂತೆ ಭೂಮಿಗೂ ಬಯಕೆ ಬಡಿಸಬೇಕು. ಆ ಊಟ ಹೊರಲು ಎರಡು ಬಿದಿರು ಬುಟ್ಟಿ, ಒಂದು ದೊಡ್ಡದು, ಒಂದು ಚಿಕ್ಕದು. ಇವೇ ಭೂಮಣ್ಣಿ ಬುಟ್ಟಿಗಳು. ಮಹಾನವಮಿ ಮುಗಿಯುತ್ತಿದ್ದಂತೆ ಬುಟ್ಟಿಗೆ ಸಗಣಿ ಸಾರಿಸಿ, ಒಣಗಿದ ಮೇಲೆ ಕೆಮ್ಮಣ್ಣು ಬಳಿದು, ಹುಣ್ಣಿಮೆಯೊಳಗೆ ಚಿತ್ತಾರ ಮುಗಿಸುತ್ತಾರೆ. ಗೋಡೆಯ ಮೇಲಿದ್ದ ಗೆರೆಗಳೇ ಇಲ್ಲಿ ಬುಟ್ಟಿಯ ದುಂಡನೆಯ ಮೈಗೆ ಹೊಂದಿಕೊಂಡು ಸುತ್ತು ಬರುತ್ತವೆ.

ಹುಣ್ಣಿಮೆಯ ರಾತ್ರಿ ಹೆಂಗಸರಿಗೆ ನಿದ್ದೆಯಿಲ್ಲ. ಕಡುಬು, ಬಗೆಬಗೆಯ ಪಲ್ಯ, ಹಲವು ಸೊಪ್ಪು ಸೇರಿಸಿ ಬೇಯಿಸಿದ ಹಚ್ಚಂಬಲಿ ಬೆಳಗಾಗುವ ಮೊದಲೇ ಆಗಬೇಕು. ಗಂಡಸರು ಕತ್ತಲಲ್ಲೇ ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಕೂಗು ಹಾಕುತ್ತ ಹಚ್ಚಂಬಲಿ ಬೀರುತ್ತಾರೆ. ಬೆಳಕಾದ ಮೇಲೆ ಮನೆಯವರೆಲ್ಲ ಸೇರಿ ಭತ್ತದ ಸಸಿಗೆ ಹೂವು ಮುಡಿಸಿ, ತಾಳಿಸರ ಹಾಕಿ, ಪೂಜೆ ಮಾಡಿ, ಗದ್ದೆಯ ಬದುವಿನಲ್ಲೇ ಉಣ್ಣುತ್ತಾರೆ. ಕಾಗೆಗೆ, ಇಲಿಗೆ ಕೂಡ ಎಡೆಯುಂಟು.

ಇಷ್ಟು ಅಕ್ಕರೆಯಿಂದ ಉಡಿ ತುಂಬಿದ ಆ ಭೂಮಿ ಕಾಗದದ ಮೇಲೆ ಅವರದಾಗಿರಲಿಲ್ಲ ಎಂಬುದನ್ನು ಚಿತ್ತಾರದ ಕಥೆ ಹೇಳುವವರು ಬಿಟ್ಟುಬಿಡಬಾರದು. ದೀವರಲ್ಲಿ ಬಹಳ ಜನ ಗೇಣಿ ರೈತರು. ಸಾಗರದ ಬಳಿಯ ಕಾಗೋಡಿನಲ್ಲಿ ಒಡೆಯರು ಗೇಣಿ ಭತ್ತ ಅಳೆಯಲು ದೊಡ್ಡ ಕೊಳಗ ಬಳಸುತ್ತಿದ್ದುದನ್ನು ವಿರೋಧಿಸಿ 1951ರಲ್ಲಿ ಸತ್ಯಾಗ್ರಹ ನಡೆಯಿತು. ಎಚ್. ಗಣಪತಿಯಪ್ಪ ಮುಂದೆ ನಿಂತರು, ಶಾಂತವೇರಿ ಗೋಪಾಲಗೌಡರು ಜೊತೆಗೂಡಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಗೇಣಿದಾರನಿಗೆ ಭೂಮಿಯ ಹಕ್ಕು ಕೊಡುವ ಬಲವಾದ ಕಾನೂನು ಬಂದದ್ದು 1974ರಲ್ಲಿ, ದೇವರಾಜ ಅರಸರ ಕಾಲದಲ್ಲಿ. ಅಲ್ಲಿಯವರೆಗೆ ತಲೆಮಾರುಗಳ ಕಾಲ ಹೆಂಗಸರು ಬುಟ್ಟಿ ಬರೆದದ್ದು ಇನ್ನೊಬ್ಬರ ಹೆಸರಿನಲ್ಲಿದ್ದ ಗದ್ದೆಗೆ. ಬುಟ್ಟಿಯ ಮೇಲಿನ ಸಾಲು ಸಾಲು ಸಸಿಗಳನ್ನು ಹೀಗೂ ಓದಬೇಕು.

ಇದರ ನಡುವೆಯೇ ಇನ್ನೊಂದು ಪೆಟ್ಟು ಬಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿಯ ನೀರು ನಿಂತಾಗ ಕಣಿವೆಯ ಹಳ್ಳಿಗಳು ಮುಳುಗಿದವು. ಮನೆ, ಗದ್ದೆ ಕಳೆದುಕೊಂಡವರಲ್ಲಿ ದೀವರೂ ಬಹಳ. ಊರು ಚದುರಿದಾಗ ಒಟ್ಟಿಗೆ ಕೂತು ಬರೆಯುತ್ತಿದ್ದ ಹೆಂಗಸರೂ ಚದುರಿದರು.

ಆಮೇಲಿನದು ನಿಧಾನವಾಗಿ ಆದ ಬದಲಾವಣೆ. ಮಣ್ಣಿನ ಗೋಡೆಯ ಜಾಗಕ್ಕೆ ಸಿಮೆಂಟು ಬಂತು. ಅದಕ್ಕೆ ವರ್ಷವರ್ಷ ಸಾರಣೆ ಬೇಡ, ಪೇಂಟಿನ ಮೇಲೆ ಅಕ್ಕಿಹಿಟ್ಟು ಹಿಡಿಯುವುದಿಲ್ಲ. ಮದುವೆ ಕಲ್ಯಾಣ ಮಂಟಪಕ್ಕೆ ಹೋದ ಮೇಲೆ ಹಸೆ ಬರೆಯಲು ಸ್ವಂತ ಗೋಡೆಯೇ ಇಲ್ಲದಾಯಿತು. ಕೆಲವರು ಹಲಗೆ, ಬಟ್ಟೆಯ ಮೇಲೆ ಬರೆಸಿ ಮಂಟಪಕ್ಕೆ ಒಯ್ಯುತ್ತಾರೆ. ಆದರೆ ಸಾಗರದ ಹತ್ತಿರದ ಸಿರಿವಂತೆಯ ಚಂದ್ರಶೇಖರ, ಹಸುವಂತೆಯ ಈಶ್ವರ ನಾಯ್ಕರಂಥ ಕಲಾವಿದರು ಚಿತ್ತಾರವನ್ನು ಕಾಗದಕ್ಕೆ, ಕ್ಯಾನ್ವಾಸಿಗೆ ತಂದು ಹೊರಗಿನ ಜನಕ್ಕೂ ಪರಿಚಯಿಸಿದರು. ಹೆಂಗಸರದ್ದೇ ಆಗಿದ್ದ ಕಲೆಗೆ ಗಂಡಸರ ಕೈಯೂ ಸೇರಿತು. ಚಿತ್ತಾರದ ಬುಟ್ಟಿ, ಭತ್ತದ ತೆನೆಯ ತೋರಣ ಈಗ ಮದುವೆಗೆ, ಗೃಹಪ್ರವೇಶಕ್ಕೆ, ದೀಪಾವಳಿಗೆ ಕೊಡುವ ಉಡುಗೊರೆಗಳಾಗಿ ಪೇಟೆ ಸೇರುತ್ತಿವೆ. ಬರೆದವರಿಗೆ ದುಡ್ಡು ಬರುತ್ತದೆ, ಹೆಸರೂ ಬರುತ್ತದೆ. ಎಲೆಯಡಿಕೆಯ ಕಾಲದಲ್ಲಿ ಎರಡನೆಯದಂತೂ ಇರಲಿಲ್ಲ.

ಮನೆಯಲ್ಲೇ ಇದನ್ನು ಮಾಡಬೇಕೆನ್ನುವವರಿಗೂ ಅಡ್ಡಿಯಿಲ್ಲ. ಮೇದಾರರಿಂದ ತಂದ ಬಿಗಿ ಹೆಣಿಗೆಯ ಬುಟ್ಟಿ, ಎರಡು ಸಲ ಸಗಣಿಯ ಸಾರಣೆ, ಜರಡಿ ಹಿಡಿದ ಕೆಮ್ಮಣ್ಣಿನ ಒಂದು ಲೇಪ, ರಾತ್ರಿಯೆಲ್ಲ ನೆನೆದ ಅಕ್ಕಿಯ ಹಿಟ್ಟು. ಒಂದು ಪದರ ಪೂರಾ ಒಣಗಿದ ಮೇಲೆಯೇ ಇನ್ನೊಂದು. ಮೊದಲು ಬುಟ್ಟಿಯ ಬಾಯಿಯ ಸುತ್ತ ಅಂಚಿನ ಗೆರೆ, ಆಮೇಲೆ ಒಳಗಿನ ಜಾಲ, ಕೊನೆಗೆ ಆಕೃತಿಗಳು. ನೀರು ತಗುಲಿದರೆ ಬಣ್ಣ ಹೋಗುತ್ತದೆ, ಆದ್ದರಿಂದ ಉಡುಗೊರೆ ಕೊಡುವಾಗ ಅದನ್ನು ಹೇಳಿಯೇ ಕೊಡಬೇಕು. ಪೇಟೆಗೆ ಹೋಗುವ ಕೆಲವು ಬುಟ್ಟಿಗಳಿಗೆ ಫ್ಯಾಬ್ರಿಕ್ ಬಣ್ಣ ಬಳಸುವುದು ಈ ಕಾರಣಕ್ಕೇ. ಗದ್ದೆಗೆ ಹೋಗುವ ಬುಟ್ಟಿಗೆ ಆ ಚಿಂತೆ ಇಲ್ಲ. ಮುಂದಿನ ಮಹಾನವಮಿಗೆ ಅದನ್ನು ಮತ್ತೆ ಸಾರಿಸಿ, ಮತ್ತೆ ಬರೆಯುತ್ತಾರೆ. ಹಸೆ ಗೋಡೆ ವಿರಳವಾದ ಊರುಗಳಲ್ಲೂ ಹುಡುಗಿಯರು ಪಪ್ಪಲಿ, ನಿಲಿಯ ಗೆರೆಗಳನ್ನು ಇಂದಿಗೂ ಕಲಿಯುತ್ತಿರುವುದು ಈ ಎರಡು ಬುಟ್ಟಿಗಳ ಮೇಲೆಯೇ.