ಪಳ್ಳಿಯೋ ಹಳ್ಳಿಯೋ: ಶಾಸನಗಳಲ್ಲಿ ಪದ ಹುಡುಕುವ ಬಗೆ

ಬಿ.ಎಲ್. ರೈಸ್ 1894ರಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ಪಾಂಡವಪುರ ತಾಲ್ಲೂಕನ್ನು ಹುಡುಕಿದರೆ ಸಿಗುವುದಿಲ್ಲ. ಊರು ಇರಲಿಲ್ಲವೆಂದಲ್ಲ, ಅದನ್ನು ಹಿರೋಡೆ ಎಂದೂ, ಹೈದರ್ ಮತ್ತು ಟಿಪ್ಪುವಿನ ಫ್ರೆಂಚ್ ಪಡೆ ಅಲ್ಲಿ ಬೀಡುಬಿಟ್ಟಿದ್ದ ಕಾರಣ ಫ್ರೆಂಚ್ ರಾಕ್ಸ್ ಎಂದೂ ಕರೆಯುತ್ತಿದ್ದರು. ಮೇಲುಕೋಟೆಯ ಶಾಸನಗಳು ಆ ಸಂಪುಟದಲ್ಲಿ ಶ್ರೀರಂಗಪಟ್ಟಣದ ಲೆಕ್ಕಕ್ಕೆ ಸೇರಿವೆ. ಹಿಂದೆ ಅತ್ತಿಕುಪ್ಪೆಯಾಗಿದ್ದ ಕೃಷ್ಣರಾಜಪೇಟೆ 1898ರ ನಾಲ್ಕನೆಯ ಸಂಪುಟದಲ್ಲಿ ನಾಗಮಂಗಲದ ಜೊತೆಗಿದೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಮತ್ತೆ ಅದಲುಬದಲು. 1977ರ ಆರನೆಯ ಸಂಪುಟಕ್ಕೆ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳು ಬಂದವು. ನಾಗಮಂಗಲ ಏಳನೆಯದಕ್ಕೆ ಹೋಯಿತು. ಶಾಸನಗಳ ಕ್ರಮಸಂಖ್ಯೆಗಳೂ ಬದಲಾದವು.

ಈ ಪಾಠಗಳನ್ನು ಗಣಕಯಂತ್ರಕ್ಕೆ ಊಡಿಸಿದರೆ ತೊಡಕು ತೀರುತ್ತದೆಂದು ತೋರಬಹುದು. ಬೇಕಾದ ಪದವನ್ನು ಬೆರಳಚ್ಚು ಮಾಡಿದರೆ ಸಾಕು, ಯಂತ್ರ ಹುಡುಕಿಕೊಡುತ್ತದೆ. ಆದರೆ ಯಂತ್ರ ಹುಡುಕುವುದು ಪದವನ್ನಲ್ಲ, ಕಾಗುಣಿತವನ್ನು. ಶಾಸನ ಬರೆಸಿದವರಿಗೆ ಒಂದೇ ಕಾಗುಣಿತದ ಹಂಗು ಇರಲಿಲ್ಲ.

ಇದಕ್ಕೊಂದು ಉಪಾಯ ಬೇರೊಂದು ದಿಕ್ಕಿನಿಂದ ಬಂತು. ನರಕೋಶಗಳ ಜಾಲವನ್ನು ಗಣಿತದಲ್ಲಿ ವರ್ಣಿಸಲು ಹೊರಟ ಅಮೆರಿಕದ ತರ್ಕಶಾಸ್ತ್ರಜ್ಞ ಸ್ಟೀಫನ್ ಕ್ಲೀನಿ 1956ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ‘ರೆಗ್ಯುಲರ್’ ಎಂಬ ಒಂದು ಬಗೆಯ ಸೂತ್ರಗಳನ್ನು ರೂಪಿಸಿದ. ಅದನ್ನು ಬರಹದಲ್ಲಿ ಹುಡುಕುವ ಸಾಧನವಾಗಿಸಿದವನು ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್, 1968ರಲ್ಲಿ. ಯೂನಿಕ್ಸ್ ವ್ಯವಸ್ಥೆಯ ‘ಗ್ರೆಪ್’ ಎಂಬ ಆದೇಶ 1973ರದು. ಕಡತದುದ್ದಕ್ಕೂ ಸೂತ್ರಕ್ಕೆ ಹೊಂದುವ ಸಾಲುಗಳನ್ನು ಹುಡುಕಿ ಮುದ್ರಿಸು ಎಂಬ ನಾಲ್ಕು ಇಂಗ್ಲಿಷ್ ಮಾತುಗಳ ಮೊದಲಕ್ಷರಗಳಿಂದ ಆ ಹೆಸರು ಹುಟ್ಟಿತು. ಅವನ ಸಹೋದ್ಯೋಗಿ ಬ್ರಯಾನ್ ಕರ್ನಿಗನ್ ಹೇಳುವ ಪ್ರಕಾರ, ‘ಫೆಡರಲಿಸ್ಟ್’ ಲೇಖನಗಳಲ್ಲಿ ಯಾವುದನ್ನು ಯಾರು ಬರೆದರೆಂದು ಪರಿಶೀಲಿಸುತ್ತಿದ್ದ ಗೆಳೆಯನೊಬ್ಬನಿಗಾಗಿ ಥಾಂಪ್ಸನ್ ಇದನ್ನು ಸಿದ್ಧಪಡಿಸಿದ. ಹಳೆಯ ಬರಹದ ಜಿಜ್ಞಾಸೆ ಅದರ ಹುಟ್ಟಿನಲ್ಲೇ ಇತ್ತೆನ್ನಬೇಕು.

ಇದರ ಕೆಲಸ ಸರಳ. ಚೌಕ ಕಂಸದೊಳಗಿಟ್ಟ ಅಕ್ಷರಗಳಲ್ಲಿ ಯಾವುದಾದರೂ ಒಂದು ಸಾಕು ಎಂದು ಅರ್ಥ. ಕಮಾಂಡ್ ಲೈನಿನಲ್ಲಿ ‘[ಪಹವ]ಳ್ಳಿ’ ಎಂದು ಕೊಟ್ಟರೆ ಹಳೆಯ ಪಳ್ಳಿ, ಈಚಿನ ಹಳ್ಳಿ, ಮಳವಳ್ಳಿಯಲ್ಲಿ ಕಾಣುವ ವಳ್ಳಿ, ಮೂರೂ ಒಟ್ಟಿಗೆ ಬರುತ್ತವೆ. ಪಕಾರ ಹಕಾರವಾಗುವುದನ್ನು ಹದಿಮೂರನೆಯ ಶತಮಾನದಲ್ಲೇ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರವಾಗಿಸಿದ್ದ, ಇಲ್ಲಿ ಅದನ್ನೇ ಯಂತ್ರಕ್ಕೆ ಕಲಿಸಿದಂತಾಯಿತು. ಹೊಯ್ಸಳ ಎಂಬ ಹೆಸರಂತೂ ಪೊಯ್ಸಳ, ಹೊಯಿಸಳ, ಪೊಯ್ಸಣ ಎಂದೆಲ್ಲ ಕಾಣಿಸಿಕೊಳ್ಳುತ್ತದೆ. ಪ ಅಥವಾ ಹ, ಯ್ ಅಥವಾ ಯಿ, ಳ ಅಥವಾ ಣ: ಮೂರು ಕಡೆ ಎರಡೆರಡು ಆಯ್ಕೆ ಇಟ್ಟರೆ ಎಂಟು ರೂಪಗಳು ಒಂದು ಸೂತ್ರದಲ್ಲಿ ಅಡಗುತ್ತವೆ. ನಾಗಮಂಗಲಕ್ಕೆ ನಾಗಮಙ್ಗಲವನ್ನೂ, ಧರ್ಮಕ್ಕೆ ಧರ್ಮ್ಮವನ್ನೂ ಸೇರಿಸಿಕೊಳ್ಳಬೇಕು. ಸಿಕ್ಕಿದ್ದೆಲ್ಲ ಬೇಕಾದದ್ದೇ ಆಗಿರುವುದಿಲ್ಲ. ಪಳ್ಳಿ ಎಂದರೆ ಜೈನ, ಬೌದ್ಧರ ನೆಲೆಯೂ ಹೌದು.

ಸೂತ್ರದಲ್ಲಿ ಒಂದು ಚುಕ್ಕೆ ಇಟ್ಟರೆ ‘ಯಾವುದಾದರೂ ಒಂದು ಅಕ್ಷರ’ ಎನ್ನುತ್ತವೆ ಪುಸ್ತಕಗಳು. ಕನ್ನಡದಲ್ಲಿ ಇದು ಪೂರ್ತಿ ನಿಜವಲ್ಲ. ಯೂನಿಕೋಡ್‌ನಲ್ಲಿ ‘ಶ್ರೀ’ ಒಂದು ಅಕ್ಷರವಲ್ಲ, ನಾಲ್ಕು ಸಂಕೇತ: ಶ, ಅರ್ಧಾಕ್ಷರದ ಗುರುತು, ರ, ದೀರ್ಘ ಈಕಾರ. ‘ಸ್ತ್ರೀ’ ಆರು. ಚುಕ್ಕೆ ಎಣಿಸುವುದು ಈ ಸಂಕೇತಗಳನ್ನು. (ಹಳಗನ್ನಡದ ೞಕಾರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ತಪ್ಪಾಗಿ ‘ಫ’ ಎಂಬ ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ, ಪಕ್ಕದಲ್ಲಿ ತಿದ್ದುಪಡಿ ಬರೆದು ಸುಮ್ಮನಾಗಿದ್ದಾರೆ.) ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿ ಬೆರಳಚ್ಚಾದ ಕಡತವಾದರೆ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪರಿವರ್ತಿಸದೆ ಹುಡುಕಿದರೆ ಏನೂ ಸಿಗದು.

ಇನ್ನೂ ದೊಡ್ಡ ತೊಡಕು ಕಲ್ಲಿನಲ್ಲೇ ಇದೆ. ಶ್ರೀರಂಗಪಟ್ಟಣದ ಆಸುಪಾಸಿನಲ್ಲಿ ಸಿಕ್ಕ ಸುಮಾರು ಕ್ರಿ.ಶ. 900ರ ಎರಡು ಶಾಸನಗಳನ್ನು ರೈಸ್ 1894ರ ಸಂಪುಟದಲ್ಲಿ ಅಚ್ಚು ಹಾಕಿದರು. ಭದ್ರಬಾಹು ಮತ್ತು ಚಂದ್ರಗುಪ್ತ ಮುನಿಪತಿಯರ ಹೆಜ್ಜೆಗುರುತುಳ್ಳ ಕಳ್ಬಪ್ಪು ಬೆಟ್ಟದ ಪ್ರಸ್ತಾಪ ಅವುಗಳಲ್ಲಿದೆ. ಈ ಮುನಿ ಮೌರ್ಯ ಚಂದ್ರಗುಪ್ತನೇ ಎಂದು ರೈಸ್ ನಂಬಿದರು, ಜೆ.ಎಫ್. ಫ್ಲೀಟ್ ಒಪ್ಪಲಿಲ್ಲ. ವಾದ ನಿಂತಿದ್ದೇ ಆ ಹೆಸರು ಯಾವ ಕಾಲದ ಯಾವ ಕಲ್ಲಿನಲ್ಲಿ ಇದೆ, ಎಲ್ಲಿ ಇಲ್ಲ ಎಂಬುದರ ಮೇಲೆ. ಇಂಥಲ್ಲಿ ಯಂತ್ರ ‘ಇಲ್ಲ’ ಎಂದರೆ ನಂಬಬಹುದೇ?

ಗ್ರೆಪ್ ಒಂದು ಸಲಕ್ಕೆ ಒಂದು ಸಾಲು ಮಾತ್ರ ನೋಡುತ್ತದೆ. ಕಲ್ಲುಕುಟಿಗ ಕಲ್ಲಿನ ಅಂಚು ಬಂದಲ್ಲಿ ಪದವನ್ನು ತುಂಡರಿಸುತ್ತಿದ್ದ. ಸಂಪಾದಕರು ಸಾಲಿಗೆ ಸಾಲು ಹಾಗೆಯೇ ಅಚ್ಚು ಹಾಕಿದರು. ‘ಚಂದ್ರ’ ಒಂದು ಸಾಲಿನ ಕೊನೆಗೆ, ‘ಗುಪ್ತ’ ಮುಂದಿನದರ ಮೊದಲಿಗೆ ಬಿದ್ದರೆ ಯಂತ್ರಕ್ಕೆ ಚಂದ್ರಗುಪ್ತನಿಲ್ಲ. ಮೊದಲು ಸಾಲುಗಳನ್ನು ಬೆಸೆದ ಪ್ರತಿಯೊಂದನ್ನು ಮಾಡಿಕೊಂಡು ಅದರಲ್ಲಿ ಹುಡುಕಬೇಕು, ಸಾಲುಸಂಖ್ಯೆಗೆ ಮೂಲ ಪ್ರತಿ ನೋಡಬೇಕು.

ಸವೆದ ಅಕ್ಷರಗಳ ಜಾಗದಲ್ಲಿ ಸಂಪಾದಕರೂ ಚುಕ್ಕೆಗಳನ್ನೇ ಇಟ್ಟಿದ್ದಾರೆ. ಸೂತ್ರದ ಚುಕ್ಕೆ ‘ಏನಾದರೂ ಸರಿ’ ಎನ್ನುತ್ತದೆ, ಪಾಠದ ಚುಕ್ಕೆ ‘ಓದಲಾಗಲಿಲ್ಲ’ ಎನ್ನುತ್ತದೆ; ಎರಡಕ್ಕೂ ನಂಟಿಲ್ಲ. ‘ಚಂದ್ರ..ಪ್ತ’ ಎಂದು ಅಚ್ಚಾದುದನ್ನು ‘ಚಂದ್ರಗುಪ್ತ’ ಎಂಬ ಸೂತ್ರ ದಾಟಿ ಹೋಗುತ್ತದೆ. ಆದ್ದರಿಂದ ಅನುಮಾನವಿರುವ ಒಂದೊಂದು ಜಾಗದಲ್ಲೂ ಚುಕ್ಕೆಗೂ ಎಡೆ ಕೊಟ್ಟ ಎರಡನೆಯ ಸೂತ್ರ ಬರೆಯಬೇಕಾಗುತ್ತದೆ. ಅದು ನೂರು ಸುಳ್ಳು ಸಾಲುಗಳನ್ನು ಎಳೆದು ತಂದರೂ ಕೂತು ಓದಬೇಕು.

ಇಷ್ಟು ಮಾಡಿದರೂ ಕಳ್ಬಪ್ಪು ಎಂದು ಕೇಳಿದವನಿಗೆ ಶ್ರವಣಬೆಳಗೊಳದ ಸುಮಾರು ಕ್ರಿ.ಶ. 600ರ ಶಾಸನ ಸಿಗುವುದಿಲ್ಲ. ಅದರಲ್ಲಿ ಆ ಬೆಟ್ಟದ ಹೆಸರು ಸಂಸ್ಕೃತದಲ್ಲಿ ಕಟವಪ್ರ ಎಂದಿದೆ. ಎರಡನ್ನೂ ಬರೆದು ನಡುವೆ ‘ಅಥವಾ’ ಎಂಬರ್ಥದ ನಿಲುಗೀಟು ಎಳೆದರೆ ಸಿಗುತ್ತದೆ. ಹಿರೋಡೆ, ಫ್ರೆಂಚ್ ರಾಕ್ಸ್, ಪಾಂಡವಪುರಗಳನ್ನೂ ಹೀಗೆಯೇ ಒಂದೇ ಸಾಲಿನಲ್ಲಿ ನಿಲ್ಲಿಸಿ ಕೇಳಬೇಕು.