ಕಪ್ಪತಗುಡ್ಡದ ಚಿನ್ನವೂ ಚಿಗಟೇರಿಯ ಹಳ್ಳಗಳೂ

ಮೆಲ್ಬರ್ನಿನ ನಮ್ಮ ಮಕ್ಕಳನ್ನು ಶಾಲೆಯವರು ಬ್ಯಾಲರಾಟಿನ ಸಾವರಿನ್ ಹಿಲ್‌ಗೆ ಕರೆದೊಯ್ದು, 1851ರಲ್ಲಿ ಈ ವಿಕ್ಟೋರಿಯಾ ಪ್ರಾಂತದಲ್ಲಿ ಚಿನ್ನ ದೊರೆತ ಕಥೆಯನ್ನು ಹೇಳಿ, ಹಳ್ಳದ ಮರಳನ್ನು ತಟ್ಟೆಯಲ್ಲಿ ತೊಳೆಯಲು ಕಲಿಸುತ್ತಾರೆ. ಮನೆಗೆ ಬಂದ ಮಕ್ಕಳು ಅಜ್ಜನ ಊರಿನ ಕಡೆಯೂ ಇಂಥದು ಉಂಟೆ ಎಂದು ಕೇಳಿದರೆ ನಾವು ಕೋಲಾರದ ಹೆಸರನ್ನು ಹೇಳಿ ಸುಮ್ಮನಾಗುತ್ತೇವೆ. ಅವರು ಅದನ್ನು ಒಂದು ಚಲನಚಿತ್ರದಿಂದ ಆಗಲೇ ಬಲ್ಲರು. ಹರಪನಹಳ್ಳಿ ತಾಲೂಕಿನ ತೆಲಿಗಿಯವನಾದ ನನಗೆ ಈ ಉತ್ತರ ಅಪೂರ್ಣವೆಂದು ತೋರುತ್ತದೆ. ಆದುದರಿಂದ ನಮ್ಮ ಸೀಮೆಯ ಬಂಗಾರದ ವಿಷಯವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತುಂಗೆ ಮತ್ತು ಭದ್ರೆ ಎಂಬ ಎರಡು ನದಿಗಳು ಕೂಡಲಿಯಲ್ಲಿ ಸಂಗಮಿಸಿ ತುಂಗಭದ್ರೆಯಾಗಿ ಹರಿಯುವುದು ಎಲ್ಲರಿಗೂ ತಿಳಿದ ಸಂಗತಿ. ಆ ನದಿಯ ಬಲದಂಡೆಗೆ ನಮ್ಮ ಹರಪನಹಳ್ಳಿ, ಹಡಗಲಿ ಸೀಮೆಗಳು. ಎಡದಂಡೆಯಾಚೆಗೆ, ಮುಂಡರಗಿ, ಶಿರಹಟ್ಟಿ, ಗದಗಗಳ ನಡುವೆ ಕಪ್ಪತಗುಡ್ಡದ ಸಾಲು. ಬ್ರಿಟಿಷರ ಕಾಲದಲ್ಲಿ ನಾವು ಮದ್ರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯವರು, ಆಚೆಯವರು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯವರು. ಸರಕಾರಗಳು ಹೀಗೆ ಹೊಳೆಯನ್ನೇ ಗಡಿಯನ್ನಾಗಿ ಮಾಡಿಕೊಂಡಿದ್ದರೂ ನೆಲದೊಳಗಿನ ಶಿಲೆಗಳು ಆ ಗಡಿಯನ್ನು ಮನ್ನಿಸಲಿಲ್ಲ. ಕಪ್ಪತಗುಡ್ಡದ ಶಿಲಾಪಟ್ಟಿಯೇ ನದಿಯನ್ನು ದಾಟಿ, ನಮ್ಮ ಚಿಗಟೇರಿಯ ಕಡೆಯಿಂದ ಚಿತ್ರದುರ್ಗದತ್ತ ಸಾಗಿ, ಚಿಕ್ಕನಾಯಕನಹಳ್ಳಿಯವರೆಗೂ ಹೋಗುತ್ತದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ ಇದನ್ನು ಡಂಬಳ–ಚಿಕ್ಕನಾಯಕನಹಳ್ಳಿ ಪಟ್ಟಿಯೆಂದು ಕರೆದನು. ಇಂತಹ ಶಿಲೆಗಳಿಗೆಲ್ಲ ಧಾರವಾಡ ಶಿಲೆಗಳೆಂಬ ಹೆಸರಿಟ್ಟವನೂ ಅವನೇ. ಇಂದಿಗೂ ಜಗತ್ತಿನ ಭೂವಿಜ್ಞಾನ ಗ್ರಂಥಗಳಲ್ಲಿ ಕನ್ನಡನಾಡಿನ ಒಂದು ಊರಿನ ಹೆಸರು ಹೀಗೆ ನಿಂತಿರುವುದು ನಮಗೆ ಸಾಮಾನ್ಯವಾದ ಗೌರವವಲ್ಲ.

ಇನ್ನೂರೈವತ್ತು ಕೋಟಿ ವರ್ಷಗಳಿಗಿಂತ ಹಿಂದೆ, ಮೀನೂ ಮರವೂ ಇನ್ನೂ ಹುಟ್ಟದಿದ್ದ ಕಾಲದಲ್ಲಿ, ಈ ಪ್ರದೇಶವು ಸಮುದ್ರದ ತಳವಾಗಿದ್ದು, ಅಲ್ಲಿ ಉಕ್ಕಿದ ಲಾವಾರಸವು ನೀರು ತಗಲಿದೊಡನೆ ದಿಂಬುಗಳಂತೆ ಉಬ್ಬಿ ಹೆಪ್ಪುಗಟ್ಟಿತು. ಅದರ ಮೇಲೆ ಕೆಸರೂ ಮರಳೂ ಸಂಚಯವಾದವು. ಅನಂತರ ಇವೆಲ್ಲವೂ ಭೂಮಿಯ ಒತ್ತಡಕ್ಕೆ ಮಡಿಸಿಕೊಂಡು, ಕಾಯ್ದು, ಹಸಿರು ಛಾಯೆಯ ಪದರಶಿಲೆಗಳಾಗಿ ರೂಪಾಂತರ ಹೊಂದಿದವು. ಆ ಶಿಲೆಗಳು ಬಿರಿದ ಕಡೆಗಳಲ್ಲಿ ಆಳದಿಂದ ಏರಿಬಂದ ಬಿಸಿದ್ರವವು ಬೆಳ್ಗಲ್ಲಿನ ಸಿರಗಳನ್ನು ಬಿಟ್ಟು ಹೋಯಿತು. ಗಂಧಕ, ಕಬ್ಬಿಣ, ಪಾಷಾಣಗಳ ಖನಿಜಗಳ ಸಂಗಡ ಸುವರ್ಣವೂ ಆ ಸಿರಗಳಲ್ಲಿ ಸೇರಿತು. ಬ್ಯಾಲರಾಟಿನ ಚಿನ್ನಕ್ಕೆ ಸುಮಾರು ನಲವತ್ತನಾಲ್ಕು ಕೋಟಿ ವರ್ಷಗಳಷ್ಟೇ ವಯಸ್ಸು. ಈ ದೇಶದಲ್ಲಿ ನಮ್ಮ ಚಿನ್ನಕ್ಕೆ ಸಮವಯಸ್ಕವಾದುದನ್ನು ಕಾಣಬೇಕಾದರೆ ಪಶ್ಚಿಮದ ಕಾಲ್ಗೂರ್ಲಿಗೆ ಹೋಗಬೇಕು.

ನನ್ನ ಅಜ್ಜಿಯ ತವರು ಚಿಗಟೇರಿಯ ಕಡೆಯದು. ಜಾಜಕಲ್ಲು ಗುಡ್ಡದಿಂದ ಇಳಿಯುವ ಹಳ್ಳಗಳಲ್ಲಿ ಜಾಲಗಾರರು ಚಿನ್ನ ತೊಳೆಯುತ್ತಿದ್ದ ವಿಷಯವನ್ನು ಅವಳು ತನ್ನ ತಾಯಿಯಿಂದ ಕೇಳಿದ್ದಳು, ನಾನು ಅವಳಿಂದ ಕೇಳಿದೆನು. ದೊಡ್ಡ ಮಳೆ ಹೊಯ್ದು ಹಳ್ಳ ಬಂದು, ನೀರು ತಿಳಿಯಾಗಿ ಮೊಣಕಾಲುದ್ದಕ್ಕೆ ಇಳಿದ ಮೇಲೆ ಜಾಲಗಾರನು ಮರದ ಮರಿಗೆಯನ್ನು ಹೆಗಲ ಮೇಲಿಟ್ಟುಕೊಂಡು ಬರುವನು. ಹಳ್ಳದ ನಡುಮಳಲನ್ನು ಅವನು ಮುಟ್ಟುವವನಲ್ಲ. ತಿರುವಿನಲ್ಲಿ, ಬಂಡೆಯ ಸಂದಿನಲ್ಲಿ, ಮತ್ತಿಯ ಬೇರಿನ ಅಡಿಯಲ್ಲಿ ನಿಂತ ಗರಸನ್ನು ಕೈಯಿಂದ ಬಾಚಿ ಮರಿಗೆಗೆ ತುಂಬುವನು. ಮರಿಗೆಯನ್ನು ನೀರಿನಲ್ಲಿ ಅರ್ಧ ಮುಳುಗಿಸಿ, ಎಡಕ್ಕೆ ಬಲಕ್ಕೆ ತೂಗುತ್ತ, ಮೇಲೆ ಬಂದ ಕಲ್ಲನ್ನು ಅಂಗೈಯಿಂದ ತಳ್ಳುತ್ತ ಹೋದರೆ ಮೊದಲು ಮಣ್ಣು, ಆಮೇಲೆ ಬಿಳಿಮಳಲು ಹರಿದುಹೋಗಿ, ಕೊನೆಗೆ ತಳದಲ್ಲಿ ಕರಿಮಳಲಿನ ಒಂದು ಗೆರೆ ನಿಲ್ಲುವುದು. ಆಗ ಅವನು ಮರಿಗೆಯನ್ನು ಬಿಸಿಲಿಗೆ ಓರೆಮಾಡಿ, ಹಿಡಿಯಷ್ಟು ನೀರು ಚಿಮುಕಿಸುವನು. ಕರಿಗೆರೆಯ ತುದಿಯಲ್ಲಿ ಸಾಸಿವೆಗಿಂತ ಸಣ್ಣದಾದ ಹಳದಿಯ ಕಣ ಕಂಡರೆ ಅಂದಿನ ಅಂಬಲಿಗೆ ಕೊರತೆಯಿಲ್ಲ. ಕರಿಮಳಲಿಗೆ ಪಾದರಸವನ್ನು ಬೆರಸಿ ತಿಕ್ಕಿ, ಆ ಮುದ್ದೆಯನ್ನು ಕೆಂಡದಲ್ಲಿಟ್ಟರೆ ರಸವು ಹಾರಿಹೋಗಿ ಬಂಗಾರವು ಉಳಿಯುವುದು. ಮಳೆಯಿಲ್ಲದ ತಿಂಗಳುಗಳಲ್ಲಿ ಇದೇ ಜಾಲಗಾರರು ಅಕ್ಕಸಾಲಿಗರ ಅಂಗಡಿಯ ಮುಂದಿನ ಕಸಗುಡಿಸಿ ಆ ಧೂಳನ್ನೇ ತೊಳೆಯುತ್ತಿದ್ದರು. ಅಜ್ಜಿಯ ಮೂಗುಬೊಟ್ಟಿಗೆ ಹಾಕಿದ್ದ ಗುಲಗಂಜಿ ತೂಕದ ಚಿನ್ನವು ಆ ಹಳ್ಳದ್ದೇ ಎಂದು ನಮ್ಮ ಮನೆಯಲ್ಲಿ ನಂಬಿಕೆ. ನಾನೂ ಅದನ್ನು ನಂಬುತ್ತೇನೆ. ಲಂಡನ್ನಿನ ಪಾಲುಬಂಡವಾಳದಿಂದ ತೋಡಿದ ಚಿನ್ನಕ್ಕಿಂತ ಆ ಒಂದು ಗುಲಗಂಜಿಯೇ ನನ್ನ ಕಣ್ಣಿಗೆ ಹೆಚ್ಚಿನದು.

ಹೊಳೆಯಾಚೆ ಕಪ್ಪತಗುಡ್ಡದ ಕಡೆಯ ಡೋಣಿ, ಸೊರಟೂರುಗಳ ಹಳ್ಳಗಳಲ್ಲಿಯೂ ಇದೇ ವೃತ್ತಿ ನಡೆಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ನ್ಯೂಬೋಲ್ಡ್ ಎಂಬ ಸೈನ್ಯಾಧಿಕಾರಿಯು ಇದನ್ನು ಕಂಡು ಬರೆದನು. 1874ರಲ್ಲಿ ಫುಟ್ ಡಂಬಳದ ಗುಡ್ಡಗಳ ಸುವರ್ಣಶಿಲೆಗಳನ್ನು ಕುರಿತು ಲೇಖನವನ್ನು ಪ್ರಕಟಿಸಿದನು. ನಮ್ಮ ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತ ಅವನ ದೊಡ್ಡ ಗ್ರಂಥ 1895ರದು. ಕೋಲಾರದ ಭಾಗ್ಯವನ್ನು ಕಂಡ ಕಂಪನಿಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಪ್ಪತಗುಡ್ಡಕ್ಕೂ ಬಂದು, ಹೊಸೂರು, ಅತ್ತಿಕಟ್ಟಿ, ಕಬಲಾಯತಕಟ್ಟಿಗಳ ಬಳಿ ಬಾವಿಗಳನ್ನು ತೋಡಿದವು. ತೋಡಿದಾಗ ಅವರಿಗೆ ತಮಗಿಂತ ಮುಂಚಿನ ಅಜ್ಞಾತ ಗಣಿಗಾರರ ಗುಂಡಿಗಳೇ ದಾರಿ ತೋರಿದವು. ಆದರೆ ಸಿರಗಳು ಕಿರಿದು, ನಡುನಡುವೆ ಕಡಿದುಹೋಗುವಂಥವು. ಹತ್ತು ವರ್ಷಗಳು ತುಂಬುವ ಹೊತ್ತಿಗೆ, ಸುಮಾರು 1911ರ ವೇಳೆಗೆ, ಕೆಲಸ ನಿಂತುಹೋಯಿತು. ಕೋಲಾರದಲ್ಲಿಯಾದರೋ ನ್ಯೂಜಿಲೆಂಡಿನಲ್ಲಿ ಚಿನ್ನದ ಅನುಭವ ಪಡೆದಿದ್ದ ಲವೆಲ್ ಎಂಬಾತನು 1873ರಲ್ಲಿ ಮೈಸೂರು ಸರಕಾರದ ಅನುಮತಿ ಕೇಳಿದಂದಿನಿಂದ ಮೊದಲಾದ ಉದ್ಯಮವು 2001ರವರೆಗೆ ನಡೆಯಿತು. ಈ ದಕ್ಷಿಣ ಸಮುದ್ರದ ಸೀಮೆಗೂ ನಮಗೂ ಅಷ್ಟುಮಟ್ಟಿನ ನಂಟು ಇದ್ದೇ ಇದೆ.

ಈಚೆಗೆ ಮತ್ತೊಮ್ಮೆ ಕಪ್ಪತಗುಡ್ಡದಲ್ಲಿ ಚಿನ್ನ ತೆಗೆಯುವ ಪ್ರಸ್ತಾಪ ಬಂದಾಗ, ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತು ಜನರನ್ನು ಎಚ್ಚರಿಸಿದರು. ಔಷಧಿಯ ಗಿಡಮೂಲಿಕೆಗಳ ಆ ಬೆಟ್ಟವನ್ನು 2019ರಲ್ಲಿ ಸರಕಾರವು ವನ್ಯಜೀವಿಧಾಮವೆಂದು ಘೋಷಿಸಿತು. ಚಿನ್ನದ ಮೇಲೆ ಇಷ್ಟು ಮೋಹವಿಟ್ಟು ಬರೆಯುತ್ತಿರುವ ನನಗೂ ಅದು ಯುಕ್ತವೆಂದೇ ತೋರುತ್ತದೆ, ಏಕೆಂದರೆ ಸಿರದ ಪಾಷಾಣವು ಅಲ್ಲಿಯ ಹಳ್ಳಗಳಿಗೆ ಇಳಿದರೆ ಕೆಳಗಿನ ಊರುಗಳ ನೀರೇ ಕೆಡುವುದು.

ರಜೆಯಲ್ಲಿ ಮಕ್ಕಳನ್ನು ಊರಿಗೆ ಕರೆದೊಯ್ಯುವವರು ಹರಪನಹಳ್ಳಿಯಿಂದ ಹಡಗಲಿಗೆ ಹೋಗಿ, ಮದಲಗಟ್ಟಿಯ ಬಳಿ ಸೇತುವೆಯ ಮೇಲೆ ಹೊಳೆ ದಾಟಿದರೆ ಕೊರ್ಲಹಳ್ಳಿ, ಅಲ್ಲಿಂದ ಮುಂಡರಗಿ. ಡಂಬಳದಲ್ಲಿ ಇಳಿದು ದೊಡ್ಡಬಸಪ್ಪನ ಗುಡಿಯನ್ನು ನೋಡಿಕೊಂಡು ಡೋಣಿಯ ಕಡೆ ಹೊರಟರೆ ಗುಡ್ಡ ಎದುರಿಗೇ ಬರುತ್ತದೆ. ಮಳೆ ಬಿದ್ದು ಹಸಿರು ಏರಿದ ಶ್ರಾವಣದಲ್ಲಿ ಹೋಗುವುದು ಲೇಸು. ಕಾಡಿನೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹಳೆಯ ಗಣಿಬಾವಿಗಳ ಅಂಚಿಗೆ ಮಕ್ಕಳನ್ನು ಬಿಡಬಾರದು.