ಬಳಕೆ ತಪ್ಪಿದ ರೈಲು ನಿಲ್ದಾಣಗಳು: ವಸ್ತುಸಂಗ್ರಹಾಲಯಗಳಾಗಿ ಮರುಬಳಕೆ

ರೈಲು ಓಡುವುದು ನಿಂತ ಮೇಲೆ ನಿಲ್ದಾಣದ ಕಟ್ಟಡವನ್ನು, ಸಾಧ್ಯವಾದರೆ ಹಳಿ ಮತ್ತು ಸಲಕರಣೆಗಳ ಸಮೇತ, ಸಾರಿಗೆಯ ಇತಿಹಾಸ ತೋರಿಸಲು ಬಳಸುವ ಪದ್ಧತಿ. ಇದರ ಕೆಲವು ಮಾದರಿಗಳಿರುವುದು ನೆಲದಡಿ ರೈಲುಗಳಿರುವ ಪರದೇಶದ ನಗರಗಳಲ್ಲಿ. ಕರ್ನಾಟಕದಲ್ಲಿ ಇದಕ್ಕೆ ಹತ್ತಿರವಾದ ಪ್ರಯತ್ನ ಕಾಣುವುದು ಬೆಂಗಳೂರು–ಚಿಕ್ಕಬಳ್ಳಾಪುರ–ಕೋಲಾರ ನ್ಯಾರೋಗೇಜ್ ಮಾರ್ಗದ ಹಳೆಯ ನಿಲ್ದಾಣಗಳಲ್ಲಿ.

ನೆಲದಡಿಯ ಮಾದರಿಗಳು. ಬುಡಾಪೆಸ್ಟಿನ 1896ರ ನೆಲದಡಿ ಮಾರ್ಗದ ಒಂದು ಸುರಂಗದ ತುಂಡು 1955ರಲ್ಲಿ ಬಳಕೆ ತಪ್ಪಿತು. 1975ರಲ್ಲಿ ಅದೇ ತುಂಡಿನೊಳಗೆ ಹಳೆಯ ಬೋಗಿಗಳನ್ನಿಟ್ಟು ವಸ್ತುಸಂಗ್ರಹಾಲಯ ತೆರೆದರು. ನ್ಯೂಯಾರ್ಕಿನ ಕೋರ್ಟ್ ಸ್ಟ್ರೀಟ್ ನಿಲ್ದಾಣದ ಆಯುಷ್ಯ ಬರೀ ಹತ್ತು ವರ್ಷ. 1936ರಲ್ಲಿ ತೆರೆದದ್ದು ಪ್ರಯಾಣಿಕರಿಲ್ಲದೆ 1946ರಲ್ಲಿ ಮುಚ್ಚಿತು. ಅಮೆರಿಕದ ಸ್ವಾತಂತ್ರ್ಯದ ದ್ವಿಶತಮಾನೋತ್ಸವಕ್ಕೆಂದು 1976ರ ಜುಲೈ 4ರಂದು ಅಲ್ಲಿ ಏರ್ಪಡಿಸಿದ್ದ ತಾತ್ಕಾಲಿಕ ಪ್ರದರ್ಶನವೇ ಜನ ಮೆಚ್ಚಿದ್ದರಿಂದ ಖಾಯಂ ಆಯಿತು. ಅಲ್ಲಿನ ಹಳಿ ಇಂದಿಗೂ ಓಡುವ ಜಾಲಕ್ಕೆ ಕೂಡಿಕೊಂಡಿದೆ. ಪ್ರದರ್ಶನಕ್ಕಿಟ್ಟ ಬೋಗಿಗಳು ವಿಶೇಷ ದಿನಗಳಲ್ಲಿ ಹೊರಟು ಊರು ಸುತ್ತಿ ಬರುತ್ತವೆ.

ಇವೆಲ್ಲಕ್ಕಿಂತ ಸ್ವಾರಸ್ಯದ್ದು ಮ್ಯಾಡ್ರಿಡ್‌ನ ಚಾಂಬೆರಿ. ನಗರದ ಮೊದಲ ಮೆಟ್ರೋ ಮಾರ್ಗದ ಜೊತೆಗೇ 1919ರಲ್ಲಿ ಶುರುವಾದ ನಿಲ್ದಾಣ ಇದು. ವಾಸ್ತುಶಿಲ್ಪಿ ಆಂತೋನಿಯೊ ಪಲಾಸಿಯೊಸ್. ರೈಲುಗಳು ಉದ್ದವಾದಾಗ ಪ್ಲಾಟ್‌ಫಾರಂಗಳನ್ನೂ ಉದ್ದ ಮಾಡಬೇಕಾಯಿತು. ತಿರುವಿನಲ್ಲಿದ್ದ ಚಾಂಬೆರಿಯಲ್ಲಿ ಅದು ಆಗದ ಮಾತು, ಮೇಲಾಗಿ ಅಕ್ಕಪಕ್ಕದ ನಿಲ್ದಾಣಗಳೂ ತೀರ ಹತ್ತಿರ. 1966ರಲ್ಲಿ ಬಾಗಿಲು ಹಾಕಿದರು. ಬೇರೆ ನಿಲ್ದಾಣಗಳನ್ನು ಕಾಲಕಾಲಕ್ಕೆ ನವೀಕರಿಸುತ್ತ ಹಳೆಯದನ್ನೆಲ್ಲ ಅಳಿಸಿದರೆ, ಇಲ್ಲಿಯ ಗೋಡೆಗಳ ಮೇಲಿನ ಪಿಂಗಾಣಿ ಬಿಲ್ಲೆಯ ಜಾಹೀರಾತುಗಳು ಯಾರ ಕೈಯೂ ಸೋಕದೆ ಉಳಿದುಕೊಂಡವು. 2008ರಲ್ಲಿ ಅದನ್ನು ಸಾರ್ವಜನಿಕರಿಗೆ ತೆರೆದಾಗ ಹೊಸದಾಗಿ ಕೂಡಿಸಬೇಕಾದದ್ದು ಹೆಚ್ಚೇನಿರಲಿಲ್ಲ. ಅಲಕ್ಷ್ಯವೂ ಒಮ್ಮೊಮ್ಮೆ ಸಂರಕ್ಷಣೆಯಾಗುತ್ತದೆ, ಬೀಗ ಭದ್ರವಾಗಿದ್ದರೆ.

ಭಾರತದಲ್ಲಿ ನೆಲದಡಿ ಮೆಟ್ರೋ ಬಂದದ್ದೇ 1984ರಲ್ಲಿ, ಕೋಲ್ಕತ್ತದಲ್ಲಿ. ಬೆಂಗಳೂರಿನಲ್ಲಿ 2016ರಲ್ಲಿ. ಹಾಗಾಗಿ ನಮ್ಮಲ್ಲಿ ನೆಲದಡಿಯ ನಿಲ್ದಾಣ ಹಳತಾಗಿ ಮೂಲೆಗೆ ಬೀಳುವ ಕಾಲ ಇನ್ನೂ ಬಂದಿಲ್ಲ. ಕೋಲಾರ ಸೀಮೆಯಲ್ಲಿ ನೆಲದಡಿ ಹಳಿ ಇದ್ದದ್ದು ಕೆಜಿಎಫ್‌ನ ಚಿನ್ನದ ಗಣಿಗಳೊಳಗೆ, ಅದಿರಿನ ಟ್ರಾಲಿಗಳಿಗಾಗಿ. ಚಾಂಪಿಯನ್ ರೀಫ್ ಗಣಿಯ ಆಳ 3 ಕಿ.ಮೀ. ಮೀರಿತ್ತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಪಂಪುಗಳು ನಿಂತ ಮೇಲೆ ಒಳಗೆ ನೀರು ತುಂಬಿತು. ನೋಡಲು ಉಳಿದಿರುವುದು ಮೇಲಿನ ಶಾಫ್ಟ್ ಗೋಪುರಗಳು ಮತ್ತು ಸೈನೈಡ್ ದಿಬ್ಬಗಳು.

ಕೋಲಾರದ ಸಣ್ಣ ಹಳಿ. ಬೆಂಗಳೂರು–ಜೋಲಾರಪೇಟೆ ಮಾರ್ಗ 1864ರಲ್ಲಿ ಮಾಲೂರು, ಟೇಕಲ್ ಕಡೆಯಿಂದ ಹಾದುಹೋಯಿತು, ಜಿಲ್ಲಾ ಕೇಂದ್ರ ಕೋಲಾರವನ್ನು ಮಾತ್ರ ಬಿಟ್ಟು. ಕಮಿಷನರ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆ, ಜಂಕ್ಷನ್ ಆಯಿತು. ಅಲ್ಲಿಂದ ಚಿನ್ನದ ಗಣಿಗಳಿದ್ದ ಮಾರಿಕುಪ್ಪಂವರೆಗಿನ ಕವಲು 1894ರಲ್ಲೇ ಸಿದ್ಧವಾಯಿತು. ಚಿನ್ನಕ್ಕೆ ತೋರಿದ ಆತುರ ಊರಿಗೆ ತೋರಲಿಲ್ಲ. ಕೋಲಾರದವರು ರೈಲು ಕಾಣಲು 1913ರವರೆಗೆ, ಎಂದರೆ ಸುಮಾರು ಅರ್ಧ ಶತಮಾನ ಕಾಯಬೇಕಾಯಿತು. ಬಂದದ್ದು ಎರಡೂವರೆ ಅಡಿ ಅಗಲದ ನ್ಯಾರೋಗೇಜ್. 1916ರಲ್ಲಿ ಅದು ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ ದಾಟಿ ಚಿಕ್ಕಬಳ್ಳಾಪುರ ಮುಟ್ಟಿತು. ಯಲಹಂಕ, ದೇವನಹಳ್ಳಿ ಕಡೆಯಿಂದ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆಯ ಹಳಿಯೂ ಅದೇ ಊರಿಗೆ ಬಂದು ಸೇರಿತು. ಕೋಲಾರ ಸೀಮೆಗೆ ಹೀಗೆ ರೈಲು ಬಂತಾದರೂ ಮುಳಬಾಗಿಲಿಗೆ ಇವತ್ತಿಗೂ ಬಂದಿಲ್ಲ.

ಸಣ್ಣ ಹಳಿಗೆ ಖರ್ಚು ಕಡಿಮೆ, ಬಂಡೆ ಗುಡ್ಡಗಳ ನಡುವೆ ತಿರುಗಿಸಿಕೊಂಡು ಹೋಗುವುದೂ ಸುಲಭ. ತೊಂದರೆ ಇದ್ದದ್ದು ಬಂಗಾರಪೇಟೆ ಜಂಕ್ಷನ್ನಿನಲ್ಲಿ. ದೊಡ್ಡ ಹಳಿಯ ವ್ಯಾಗನ್ ಸಣ್ಣದರ ಮೇಲೆ ಓಡದು. ಮೂಟೆಗಳನ್ನು ಕೂಲಿಗಳು ಇಳಿಸಿ ಮತ್ತೆ ಏರಿಸಬೇಕು. ಬಸ್ಸು, ಲಾರಿ ಮನೆಬಾಗಿಲಿಗೇ ಬಂದ ಮೇಲೆ ಈ ಕಷ್ಟ ಯಾರಿಗೂ ಬೇಡವಾಯಿತು. ಕಡೆಗೆ ಸಣ್ಣ ಹಳಿ ಕಿತ್ತು ದೊಡ್ಡದು ಹಾಕುವ ಗೇಜ್ ಪರಿವರ್ತನೆ ಆಯಿತು. ಬಂಗಾರಪೇಟೆ–ಕೋಲಾರ ನಡುವೆ ದೊಡ್ಡ ಹಳಿಯ ಮೇಲೆ ಬಹುಕಾಲ ರೈಲ್‌ಬಸ್ ಓಡಿತು. ಕೋಲಾರ–ಚಿಕ್ಕಬಳ್ಳಾಪುರ ಭಾಗದಲ್ಲಿ ಬ್ರಾಡ್‌ಗೇಜ್ ರೈಲು ಹೊರಟದ್ದು 2013ರ ನವೆಂಬರಿನಲ್ಲಿ.

ಉಳಿದ ನಿಲ್ದಾಣಗಳು. ಪರಿವರ್ತನೆಯಿಂದ ಅನುಕೂಲ ಎಷ್ಟಾಯಿತೋ ಗುರುತುಗಳೂ ಅಷ್ಟೇ ಹೋದವು. ಹಳಿ ಗುಜರಿಗೆ, ಎಂಜಿನ್ ಎಲ್ಲಿಗೋ. ಲೈಟ್ ರೈಲ್ವೆ ಕಡೆಯ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ ಮತ್ತು ನಂದಿ ಹಾಲ್ಟ್‌ಗಳ ಹಳೆಯ ಕಟ್ಟಡಗಳು ಹೇಗೋ ಉಳಿದವು. ವಿಮಾನ ನಿಲ್ದಾಣದ ಹೆದ್ದಾರಿಯ ಬದಿಯಲ್ಲೇ ಇದ್ದ ದೊಡ್ಡಜಾಲದ ಕಲ್ಲುಕಟ್ಟಡ ಹಾಳುಬಿದ್ದು, ಫೋಟೋ ತೆಗೆಸಿಕೊಳ್ಳುವವರ ತಾಣವಾಗಿತ್ತು. ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ನೈರುತ್ಯ ರೈಲ್ವೆಯ ಜೊತೆಗೂಡಿ ಈ ನಿಲ್ದಾಣಗಳ ಸಂರಕ್ಷಣೆಗೆ ಕೈಹಾಕಿತು. ಗೋಡೆ, ಮಾಡು ಸರಿಪಡಿಸಿ ಸಾಂಸ್ಕೃತಿಕ ಚಟುವಟಿಕೆಗಳಿಗೆ ಬಳಸಬೇಕೆಂಬುದು ಉದ್ದೇಶ.

ಇದು ಒಳ್ಳೆಯ ಕೆಲಸ, ಆದರೆ ಅರ್ಧ ಕೆಲಸ. ಕೌಂಟರಿನ ಹಿಂದೆ ರಟ್ಟಿನ ಟಿಕೆಟ್ಟಿಗೆ ತಾರೀಖು ಒತ್ತುವ ಯಂತ್ರ, ಕೆಂಪು ಹಸಿರು ಗಾಜಿನ ಕೈದೀಪ, ಹೊರಗೆ ಸಣ್ಣ ಹಳಿಯ ಮೇಲೊಂದು ಬೋಗಿ ಇಲ್ಲದಿದ್ದರೆ ಅದು ಚಂದದ ಕಲ್ಲುಮನೆ ಮಾತ್ರ. ಮೈಸೂರಿನಲ್ಲಿ 1979ರಲ್ಲಿ ತೆರೆದ ರೈಲು ವಸ್ತುಸಂಗ್ರಹಾಲಯದಲ್ಲಿ ಮಹಾರಾಣಿಯವರ 1899ರ ಸಲೂನ್ ಬೋಗಿಯಿದೆ. 2020ರಲ್ಲಿ ಹುಬ್ಬಳ್ಳಿಯಲ್ಲೂ ಒಂದು ತೆರೆಯಿತು. ಅವೆರಡೂ ಬೇರೆಡೆಯ ವಸ್ತುಗಳನ್ನು ತಂದು ಕೂಡಿಸಿದ ಸಂಗ್ರಹಗಳು. ಚಾಂಬೆರಿಯಂತೆ ಇದ್ದಲ್ಲೇ ಉಳಿದವಲ್ಲ. ಕೋಲಾರದ ಮಾರ್ಗದಲ್ಲಿ ಅಂಥದ್ದಕ್ಕೆ ಅವಕಾಶವಿತ್ತು. ಗೇಜ್ ಪರಿವರ್ತನೆಯ ಅಂದಾಜುಪಟ್ಟಿಯಲ್ಲೇ ಒಂದು ಹಳೆಯ ನಿಲ್ದಾಣ, ಒಂದು ಎಂಜಿನ್, ಒಂದು ಫರ್ಲಾಂಗ್ ಹಳಿ ಉಳಿಸುವ ಬಾಬ್ತನ್ನು ಸೇರಿಸಬೇಕಿತ್ತು.